ಮೊದಲ ಅವನ ಮನಿಗಿ ಹೋಗಬೇಕು

ಕ್ರೈಸ್ತರ ಧರ್ಮಗ್ರಂಥದಲ್ಲಿ ದೇವರು ಮೋಶೆಗೆ ಕೊಟ್ಟ ಹತ್ತು ಆಜ್ಞೆಗಳಿವೆ. ಕೊಲೆ, ಕಳವು ಕೂಡದು ಎಂಬವು ಎಲ್ಲರಿಗೂ ಗೊತ್ತಿರುವ ಮಾತು. ಅವುಗಳ ಸಾಲಿನಲ್ಲೇ ಇನ್ನೊಂದು ಆಜ್ಞೆ ಇದೆ. ನೆರೆಯವನ ವಿಷಯದಲ್ಲಿ ಸುಳ್ಳು ಸಾಕ್ಷಿ ಕೊಡಬಾರದು ಎಂಬುದು ಅದರ ತಾತ್ಪರ್ಯ. ಕೊಲೆ ಕಳವಿನ ಜೋಡಿ ಇದನ್ನು ಯಾಕ ಕೂಡಿಸಿದರು ಅಂತ ನಾನು ಭಾಳ ದಿನ ವಿಚಾರ ಮಾಡೀನಿ.

ಸಾಕ್ಷಿ ಅಂದರೆ ನಮ್ಮಂಥ ರೈತರಿಗೆ ನೆನಪಾಗುವುದು ಜತ್ತದ ಕೋರ್ಟು. ಬದುವಿನ ಜಗಳ ಅಲ್ಲಿಗೆ ಹೋದರೆ ಸಾಕ್ಷಿ ಹೇಳುವಾಂವ ಕಟಕಟೆಯಲ್ಲಿ ನಿಂತು ತನ್ನ ಹೆಸರು ಹೇಳಬೇಕು, ಅಪ್ಪನ ಹೆಸರು ಹೇಳಬೇಕು, ಪ್ರಮಾಣ ಮಾಡಬೇಕು. "ನೀ ಕಣ್ಣಿಲೆ ನೋಡೀಯೇನು?" ಅಂತ ವಕೀಲ ಕೇಳತಾನ. "ಮಂದಿ ಅನ್ನಾಕತ್ತಿದ್ರು ಸಾಹೇಬರ" ಅಂದರೆ ಆ ಮಾತಿಗೆ ಅಲ್ಲಿ ಬೆಲೆ ಇಲ್ಲ. ಈಗ ಹೊಲದ ಬದುವಿನ ಮ್ಯಾಲೆ ಕೂತು ನಾವು ದಿನಕ್ಕ ಹತ್ತು ಸಾಕ್ಷಿ ಹೇಳತೀವಿ. ಇಂಥಾಂವ ಕಳ್ಳ, ಇಂಥಾಕಿ ನಡತಿ ಸರಿ ಇಲ್ಲ, ಇಂಥ ಮಂದಿ ಊರಾಗ ಬಂದಾರ, ಹುಷಾರ. ಪ್ರಮಾಣ ಇಲ್ಲ, ವಕೀಲ ಇಲ್ಲ, ಕಣ್ಣಿಲೆ ನೋಡೀಯೇನು ಅಂತ ಕೇಳುವವರಿಲ್ಲ. ಬೇರೆಯವರಿಂದ ಬಂದದ್ದನ್ನು ಬರೇ ಮುಂದಕ್ಕೆ ಕಳಿಸಿದರೂ ಅದು ಸಾಕ್ಷಿಯೇ ಎಂಬುದು ನನ್ನ ವಾದ. ಅದನ್ನೇ ಇಲ್ಲಿ ಬರಿಯಾಕ ಕೂತೀನಿ. ಹಾಡಾಂವನ ಚಾಳಿ, ನಡುವೆ ಅತ್ತಿತ್ತ ಹೋದರೆ ಓದುವವರು ಸಹಿಸಿಕೊಳ್ಳಬೇಕು.

ನಾನು ಕ್ರೈಸ್ತನಲ್ಲ. ಭಜನಿ, ತತ್ವಪದ, ಗೀಗೀ ಪದ ಹಾಡಿಕೊಂಡು ಜೋಳ ಬಿತ್ತಿ ತಿನ್ನಾಂವ. ಏಳನೆತ್ತೆ ಪಾಸು. ನಮ್ಮಪ್ಪನನ್ನು ಮಿರಜದ ಮಿಷನ್ ದವಾಖಾನೆಯಲ್ಲಿ ಇಟ್ಟಾಗ ಹನ್ನೆರಡು ದಿನ ನಾನು ಅಲ್ಲೇ ಇದ್ದೆ. ವಾನ್‌ಲೆಸ್ ಎಂಬ ಡಾಕ್ಟರ ಸಾಹೇಬರು 1894ರಲ್ಲಿ ಕಟ್ಟಿದ ದವಾಖಾನೆ ಅದು. ಈ ಕಡೆಯ ಎಷ್ಟೋ ಮನೆತನದಲ್ಲಿ ಅಲ್ಲಿ ಜೀವ ಉಳಿಸಿಕೊಂಡು ಬಂದವರು ಒಬ್ಬರಾದರೂ ಇರತಾರ. ಬಾಜೂ ಕಾಟಿನವರು ಒಂದು ಸಣ್ಣ ಕನ್ನಡ ಹೊಸ ಒಡಂಬಡಿಕೆ ಕೊಟ್ಟರು. ಓದಾಕ ಮತ್ತೇನೂ ಇರಲಿಲ್ಲ. ಮತ್ತಾಯ, ಲೂಕ ಎರಡೂ ಅಲ್ಲೇ ಮುಗಿಸಿದೆ. ಆಮೇಲೆ ಎಷ್ಟು ಸಲ ಓದೀನಿ ಲೆಕ್ಕ ಇಲ್ಲ. "ಬಸವಣ್ಣನವರು ಇದ್ದ ಮಂಗಳವೇಢೆ ಮಗ್ಗಲದಾಗ ಅದ, ನಿನಗ ಆ ಪುಸ್ತಕ ಯಾಕ ಬೇಕೋ ಕಾಕಾ?" ಅಂತ ನಮ್ಮ ಹುಡುಗರು ಕೇಳತಾರ. ನುಡಿಯ ಬಗ್ಗೆ ಶರಣರು ಹೇಳಿದ್ದನ್ನು ನಾನು ದಿನಾ ಹಾಡತೀನಿ. ಆದರೆ ಒಬ್ಬನ ತಪ್ಪು ಕಂಡರೆ ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳಿದ್ದು ನನಗೆ ಸಿಕ್ಕದ್ದು ಮತ್ತಾಯನ ಪುಸ್ತಕದಲ್ಲಿ. ಅದಕ್ಕ ಮುಂದ ಬರತೀನಿ.

ಮೊದಲು 2018ರ ಮಾತು. ಆ ವರ್ಷ ಬ್ಯಾಸಿಗಿಯಿಂದಲೇ ಮಕ್ಕಳ ಕಳ್ಳರು ಬಂದಾರ ಎಂಬ ಸುದ್ದಿ ಮೊಬೈಲಿನಲ್ಲಿ ಓಡಾಡುತ್ತಿತ್ತು. ಜೋಡಿ ಒಂದು ವಿಡಿಯೋ. ಮೋಟಾರು ಸೈಕಲ್ ಮ್ಯಾಲೆ ಇಬ್ಬರು ಬರತಾರ, ಆಡುವ ಮಗುವನ್ನು ಎತ್ತಿಕೊಂಡು ಹೋಗತಾರ. ನೋಡಿದ ತಾಯಂದಿರ ಎದಿ ಒಡೆಯಬೇಕು, ಹಂಗಿತ್ತು. ಖರೆ ಏನಂದರೆ, ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳನ್ನು ಜ್ವಾಕಿಯಿಂದ ನೋಡಿಕೊಳ್ಳಿರಿ ಅಂತ ತಿಳಿಸಲಿಕ್ಕೆ ಮಾಡಿದ ಚಿತ್ರ. ಕಡೆಗೆ ಅವರೇ ಮಗುವನ್ನು ತಂದು ಬಿಟ್ಟು ಒಂದು ಫಲಕ ತೋರಿಸುತ್ತಾರೆ. ಆ ಕಡೆಯ ತುಂಡನ್ನು ಯಾರೋ ಕತ್ತರಿಸಿದ್ದರು. ಚಿತ್ರದಲ್ಲಿ ಕಂಡದ್ದು ಒಂದೂ ಸುಳ್ಳಲ್ಲ, ಕತ್ತರಿಸಿದ್ದರಿಂದ ಪೂರಾ ಸುಳ್ಳಾಯಿತು.

ಜುಲೈ 1, ರವಿವಾರ. ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಊರ ಸಂತೆಯಲ್ಲಿ ಐದು ಮಂದಿಯನ್ನು ಮಕ್ಕಳ ಕಳ್ಳರೆಂದು ಹಿಡಿದರು. ಪಂಚಾಯತಿ ಕಚೇರಿಯೊಳಗೆ ಹಾಕಿ ಬಡಿದು ಕೊಂದರು. ಒಂದು ಹುಡುಗಿಯನ್ನು ಮಾತಾಡಿಸಿದರು ಎಂಬುದೇ ನೆವ ಅಂತ ಆಗ ಪೇಪರಿನಾಗ ಬಂದಿತ್ತು. ಸತ್ತವರು ನಾಥಪಂಥಿ ಡವರಿ ಗೋಸಾವಿ ಜನ. ಊರೂರು ತಿರುಗಿ ಭಿಕ್ಷೆ ಬೇಡುವವರು. ಅವರೊಳಗೆ ಹೆಚ್ಚಿನವರು ನಮ್ಮ ಮಗ್ಗಲ ಮಂಗಳವೇಢೆ ತಾಲೂಕಿನವರು. ಡವರು ಹಿಡಿದು ಹಾಡಿಕೊಂಡು ಬರುವ ಆ ಮಂದಿ ನಮ್ಮ ಅಂಗಳಕ್ಕೂ ಬಂದವರೇ. ಅವ್ವ ಮೊರದಾಗ ಜೋಳ ತಂದು ಜೋಳಿಗೆಗೆ ಸುರಿಯುತ್ತಿದ್ದಳು. ಅವರ ಪದ ನಾನು ಸಣ್ಣವನಿದ್ದಾಗ ಕೇಳಿ ಕಲಿತೀನಿ. ಅದೇ ತಿಂಗಳು 13ಕ್ಕೆ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಹುಡುಗನನ್ನು ಕೊಂದರು. ಅವನೂ ಅವನ ಗೆಳೆಯರೂ ಹಿಂದಿನ ಊರಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಅವರು ಕಾರಿನಲ್ಲಿ ಹೊರಟರೆ ಸುದ್ದಿ ಅವರಿಗಿಂತ ಮುಂದೆ ಓಡಿ ಮುರ್ಕಿಯಲ್ಲಿ ದಾರಿ ಕಟ್ಟಿಸಿತ್ತು.

ಆಜ್ಞೆಯಲ್ಲಿರುವುದು ನೆರೆಯವನ ಮಾತು, ತಿರುಗುವ ಭಿಕ್ಷುಕ ನಮಗೆ ನೆರೆಯವನು ಹ್ಯಾಂಗ ಆದಾನು ಅಂತ ಯಾರಾದರೂ ಕೇಳಬಹುದು. ಲೂಕನ ಪುಸ್ತಕದ ಹತ್ತನೆಯ ಅಧ್ಯಾಯದಲ್ಲಿ ಒಬ್ಬ ಶಾಸ್ತ್ರಿ ಯೇಸುವಿಗೆ ಇದೇ ಪ್ರಶ್ನೆ ಹಾಕುತ್ತಾನೆ. ದಾರಿಯಲ್ಲಿ ಬಡಿಸಿಕೊಂಡು ಬಿದ್ದ ಒಬ್ಬನನ್ನು ತನ್ನ ಧರ್ಮದ ಇಬ್ಬರು ದೊಡ್ಡವರು ನೋಡಿ ದಾಟಿ ಹೋದರು. ಆ ಮಂದಿ ಹೊಲೆಗಣ್ಣಿಂದ ನೋಡುತ್ತಿದ್ದ ಸಮಾರ್ಯದವನು ಮಾತ್ರ ನಿಂತು ಗಾಯಕ್ಕೆ ಎಣ್ಣಿ ಹಚ್ಚಿ, ಛತ್ರಕ್ಕೆ ಒಯ್ದು, ಖರ್ಚಿಗೆ ರೊಕ್ಕ ಕೊಟ್ಟ. ಕತಿ ಹೇಳಿ, ಇವರಲ್ಲಿ ನೆರೆಯವನು ಯಾರಾದ ಅಂತ ಶಾಸ್ತ್ರಿಯನ್ನೇ ತಿರುಗಿ ಕೇಳಿದರು. ರಾಯಿನಪಾಡಾದ ಸಂತೆಯಲ್ಲಿ ಆ ಐವರಿಗೆ ನೆರೆಯವರು ಸಿಗಲಿಲ್ಲ.

ಅವರನ್ನು ಬಡಿದವರ ಮ್ಯಾಲೆ ಖಟ್ಲೆ ಆಯಿತು. ಆ ವಿಡಿಯೋ ಮುಂದೆ ಕಳಿಸಿದ ಸಾವಿರಾರು ಮಂದಿ ತಮ್ಮ ತಮ್ಮ ಮನೆಯಲ್ಲಿ ಅರಾಮಾಗಿದ್ದರು. ನಾ ಯಾರ ಮೈಗೂ ಕೈ ಹಚ್ಚಿಲ್ಲ ಅಂತ ಅವರಿಗೆ ಸಮಾಧಾನ. ಯಾಕೋಬನ ಪತ್ರದಲ್ಲಿ ನಾಲಿಗೆಯನ್ನು ಬೆಂಕಿಗೆ ಹೋಲಿಸಿದ್ದು ಇಂಥಾದ್ದಕ್ಕೇ. ಕಣಕಿಯ ಬಣವಿಗೆ ಬೆಂಕಿ ಬಿದ್ದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳುವ ಗರಜಿಲ್ಲ. ಬೀಡಿ ಒಗೆದಾಂವ ಯಾವಾಗಲೂ ದೂರ ಇರತಾನ.

ವಾಟ್ಸಾಪ್ ಕಂಪನಿಯವರು ಆ ಜುಲೈದಲ್ಲೇ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ನಮ್ಮ ದೇಶದಲ್ಲಿ ಮಿತಿ ಹಾಕಿದರು. ಬೇರೆ ಕಡೆಯಿಂದ ಬಂದದ್ದಕ್ಕೆ ಫಾರ್ವರ್ಡೆಡ್ ಎಂಬ ಗುರುತು ಬಂತು. 2020ರ ಏಪ್ರಿಲದಲ್ಲಿ, ಭಾಳ ಸಲ ಕೈ ಬದಲಿದ ಸುದ್ದಿಯನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬೇಕು ಅಂತ ಮಾಡಿದರು. ಛಲೋ ಆಯಿತು. ಆದರೆ ಆ ಗುರುತನ್ನು ನಮ್ಮ ಮಂದಿ ಗುರಾಣಿ ಮಾಡಿಕೊಂಡಾರ. "ನಂದಲ್ಲಪಾ, ಬಂದಿತ್ತು, ಕಳಿಸೀನಿ." ಕಳವಿನ ಎತ್ತು ಕೊಂಡು ಮಾರಿದಾಂವ ಹಿಂಗ ಅಂದರೆ ಫೌಜದಾರ ಬಿಡತಾನೇನು?

ಬಯ್ಯಲೇಬಾರದು, ಜಗಳವೇ ಬ್ಯಾಡ ಅಂತ ಹೇಳುವಾಂವ ನಾನಲ್ಲ. ಹರದೇಶಿ-ನಾಗೇಶಿ ಹಾಡಿನಲ್ಲಿ ನನ್ನ ಅರ್ಧ ಆಯುಷ್ಯ ಹೋಗೇದ. ರಾತ್ರಿ ಹತ್ತಕ್ಕೆ ದಪ್ಪು ತುಂತುಣಿ ಹಿಡಿದು ನಿಂತರೆ ಮುಂಜಾನೆ ತನಕ ಗಂಡು ಹೆಚ್ಚು ಹೆಣ್ಣು ಹೆಚ್ಚು ಅಂತ ವಾದ. ಎದುರಿನ ಮ್ಯಾಳದವರು ನಮ್ಮ ಹಾಡಿನಲ್ಲಿ ತಪ್ಪು ತೆಗೀತಾರ, ಹೀಯಾಳಸತಾರ, ಇಡೀ ಊರು ನಗತದ. ಆದರೆ ಅವರು ನಿಂತದ್ದು ನನ್ನಿಂದ ನಾಲ್ಕು ಮೊಳದ ಮ್ಯಾಲೆ. ನನ್ನ ಮಾರಿ ಅವರಿಗೆ ಕಾಣತದ, ಅವರ ಮಾರಿ ನನಗ. ಮಾತು ಎಲ್ಲಿ ಚುಚ್ಚಿತು ಅಂತ ಅಂದಾಂವನಿಗೆ ಅಲ್ಲೇ ತಿಳೀತದ, ಮುಂದಿನ ನುಡಿ ಸ್ವಲ್ಪ ಮೆತ್ತಗ ಮಾಡತಾನ. ಉತ್ತರ ಕೊಡಲಿಕ್ಕೆ ನನಗೂ ಪಾಳಿ ಅದ. ಬೆಳಗಾದ ಮೇಲೆ ಎರಡೂ ಮ್ಯಾಳ ಒಂದೇ ಪಂಕ್ತಿಯಲ್ಲಿ ಕೂತು ಹುಗ್ಗಿ ಉಣ್ಣತೀವಿ. ಮೊಬೈಲಿನಲ್ಲಿ ಇದ್ಯಾವುದೂ ಇಲ್ಲ. ಆಡಿಸಿಕೊಂಡಾಂವ ಹಾಸಿಗೆಯಲ್ಲಿ ಬಿದ್ದು ಅಳುತ್ತಿದ್ದರೂ ಆಡಿದಾಂವನಿಗೆ ಕಾಣೂದಿಲ್ಲ.

ಈಗ ಮತ್ತಾಯನ ಹದಿನೆಂಟನೆಯ ಅಧ್ಯಾಯ. ಅಲ್ಲಿ ಯೇಸು ಶಿಷ್ಯರಿಗೆ ಹೇಳಿಕೊಟ್ಟದ್ದನ್ನು ನನ್ನ ಮಾತಿನಲ್ಲಿ ಹೇಳತೀನಿ. ನಿನ್ನ ಅಣ್ಣತಮ್ಮಂದಿರಲ್ಲಿ ಯಾರಾದರೂ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗು, ಅವನೊಬ್ಬನಿಗೇ ಹೇಳು. ಕೇಳಲಿಲ್ಲ ಅಂದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರಕೊಂಡು ಹೋಗು, ಆಡಿದ ಮಾತಿಗೆ ಅವರು ಸಾಕ್ಷಿ ಆಗತಾರ. ಅದಕ್ಕೂ ಕೇಳದಿದ್ದರೆ ಆಮೇಲೆ ಸಭೆಗೆ ತಿಳಿಸು. ಊರಿಗೆ ಹೇಳುವುದು ಇದರಲ್ಲಿ ಕಡೆಯ ಹೆಜ್ಜೆ. ನಮ್ಮ ಗ್ರುಪ್ಪಿನಲ್ಲಿ ಅದೇ ಮೊದಲ ಹೆಜ್ಜೆ ಆಗೇದ. ಮೊದಲು ನಾಲ್ಕುನೂರು ಮಂದಿಗೆ ಹೇಳೂದು, ಆಮೇಲೆ ಇಬ್ಬರು ಮೂವರು ಕಟ್ಟಿಗೆ ಕೂತು ಮಾತಾಡೂದು. ಯಾರ ಮ್ಯಾಲೆ ಮಾತು ಬಂತೋ ಅವನ ಮನಿಗಿ ಯಾರೂ ಹೋಗೂದಿಲ್ಲ.

ನಮ್ಮ ಭಜನಿ ಮಂಡಳಿಯಲ್ಲಿ ನಡೆದದ್ದನ್ನು ಹೇಳತೀನಿ. ಹೆಸರು ಬ್ಯಾಡ. ಮಂಡಳಿಯ ಖಜಾನೆ ನೋಡಿಕೊಳ್ಳುವಾಂವ ಬಟ್ಟಿ ಹೊಲಿಯುವಾಂವ, ಪೇಟಿ ಬಾರಿಸುವಾಂವ. ಸಪ್ತಾಹಕ್ಕೆ ಕೂಡಿದ ವರ್ಗಣಿ 62,000 ರೂಪಾಯಿ ಅವನ ವಹಿಯಲ್ಲಿ ಬರೆದಿತ್ತು. ಎಡಗಡೆಯ ಪುಟದಲ್ಲಿ ಜಮಾ, ಬಲಗಡೆಯಲ್ಲಿ ಖರ್ಚು. ಪುಣೆದಲ್ಲಿ ನೌಕರಿ ಮಾಡುವ ನಮ್ಮೂರ ಹುಡುಗನೊಬ್ಬನಿಗೆ ಯಾರೋ ಎಡಗಡೆಯ ಪುಟದ ಫೋಟೋ ಅಷ್ಟೇ ಕಳಿಸಿದ್ದರು. ಅವನು ರಾತ್ರಿ ಒಂಬತ್ತಕ್ಕೆ ಅದನ್ನು ಊರ ಗ್ರುಪ್ಪಿಗೆ ಹಾಕಿ, ಇಷ್ಟು ರೊಕ್ಕ ಎಲ್ಲಿ ಹೋಯ್ತು, ಖಜಿನದಾರರು ಉತ್ತರ ಕೊಡಬೇಕು ಅಂತ ಬರೆದ. ಹುಡುಗ ಕೆಟ್ಟವನಲ್ಲ. ಕರಾಚಿಯ ವಿಡಿಯೋದ ಹಂಗ ಇಲ್ಲೂ ಒಂದು ತುಂಡು ಇರಲಿಲ್ಲ, ಅಷ್ಟೇ. ಬೆಳಗಾಗುವುದರೊಳಗೆ ನೂರಾ ಚಿಲ್ಲರೆ ಉತ್ತರ. ಒಬ್ಬ ಹೊಸ ಹೊಲಿಗಿ ಮಶೀನಿನ ಚಿತ್ರ ಹಾಕಿ ನಗುವ ಮಾರಿ ಹಾಕಿದ್ದ. ಯಾರೋ ಅದನ್ನು ಆ ಮನುಷ್ಯನ ಮಗಳನ್ನು ಕೊಟ್ಟ ಊರಿನ ಗ್ರುಪ್ಪಿಗೆ ದಾಟಿಸಿದರು. ಸಂಜೀ ಮುಂದ ಆ ಹುಡುಗಿಯ ಅತ್ತಿ, "ನಿಮ್ಮಪ್ಪ ದೇವರ ರೊಕ್ಕನೂ ಬಿಡಲಿಲ್ಲಲ್ಲ" ಅಂದಳಂತ. ಮಗಳು ಫೋನ್ ಮಾಡಿ ಅತ್ತಳು.

ಮರುದಿನ ನಾನು ಹಿರಿಯರಿಬ್ಬರನ್ನು ಕರಕೊಂಡು ಅವರ ಮನಿಗಿ ಹೋದೆ. ವಹಿ ತಂದು ಎದುರಿಗಿಟ್ಟ. ಆಚಾರಿ ಕೂಲಿ, ಪೆಂಡಾಲ, ಅಕ್ಕಿ, ಬೆಲ್ಲ, ಕೀರ್ತನಕಾರರ ದಕ್ಷಿಣೆ, ಎಲ್ಲಕ್ಕೂ ಪಾವತಿ ಇದ್ದವು. ಉಳಿದ 1,850 ರೂಪಾಯಿ ಡಬ್ಬಿಯಲ್ಲಿತ್ತು. ಎಣಿಸಲಿಕ್ಕೆ ಹತ್ತು ನಿಮಿಷ ಹಿಡಿಯಿತು. ಆ ನೂರಾ ಚಿಲ್ಲರೆ ಮಂದಿಯ ಮನೆಗಳು ಅವನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿವೆ.

ಈ ಪದ್ಧತಿಗೆ ಒಂದು ದೊಡ್ಡ ತಕರಾರು ಅದ, ಅದನ್ನು ಬಿಟ್ಟು ಮುಂದೆ ಹೋದರೆ ನ್ಯಾಯ ಆಗೂದಿಲ್ಲ. ನಮ್ಮ ವಾಚನಾಲಯಕ್ಕೆ ಬರುವ ಅಂಗನವಾಡಿ ಬಾಯಿಯವರು ನನಗೆ ಕೇಳಿದರು: "ಕಾಕಾ, ಒಬ್ಬ ಗೌಡ ಕೂಲಿ ಹೆಣಮಗಳ ಕೈ ಹಿಡಿದಾನ ಅಂತ ತಿಳೀರಿ. ಆಕಿನೂ ಮೊದಲ ಒಬ್ಬಾಕಿನ ಅವನ ಮನಿಗಿ ಹೋಗಬೇಕೇನು?" ಹೋಗಬಾರದು. ಮನೆಯೊಳಗೆ ಮುಗಿಸಿಕೊಳ್ಳಿರಿ ಅಂತ ಹೇಳಿ ಹೇಳಿ ದೊಡ್ಡವರ ತಪ್ಪು ಮುಚ್ಚಿದ್ದು ನಾನು ಭಾಳ ನೋಡೀನಿ, ಎಲ್ಲ ಧರ್ಮದವರಲ್ಲೂ ಅದು ನಡೆದದ. ಮತ್ತಾಯನ ಆ ಮಾತು ಒಂದೇ ಪಂಕ್ತಿಯಲ್ಲಿ ಕೂಡುವ ಅಣ್ಣತಮ್ಮಂದಿರ ನಡುವಿನದು. ಕೈಯಲ್ಲಿ ಅಧಿಕಾರ ಇದ್ದು ಬಡವರ ಮ್ಯಾಲೆ ಭಾರ ಹೊರಿಸುವ ಶಾಸ್ತ್ರಿಗಳನ್ನು ಯೇಸು ಅದೇ ಪುಸ್ತಕದ ಇಪ್ಪತ್ಮೂರನೆಯ ಅಧ್ಯಾಯದಲ್ಲಿ ಜನರ ಮುಂದೆಯೇ ಖಡಕ್ಕಾಗಿ ಬೈದದ್ದಿದೆ. ಒಬ್ಬೊಬ್ಬರ ಮನಿಗಿ ಹೋಗಿ ಕಿವಿಯಲ್ಲಿ ಹೇಳಲಿಲ್ಲ. ಹಂಗಾಗಿ ಆ ಹೆಣಮಗಳು ಪೊಲೀಸ ಠಾಣೆಗೆ ಹೋಗಲಿ, ನಾಲ್ಕು ಮಂದಿಯ ಮುಂದೆ ಹೇಳಲಿ, ಮೊಬೈಲಿನಲ್ಲೂ ಹೇಳಲಿ. ಆಕಿ ಕಣ್ಣಿಲೆ ನೋಡಿದಾಕಿ, ಮೈಮ್ಯಾಲೆ ಅನುಭವಿಸಿದಾಕಿ. ಆಕಿಯದು ಖರೆ ಸಾಕ್ಷಿ. ಯೇಸು ಬೈದದ್ದೂ ತನ್ನ ಹೆಸರಿನಿಂದ, ಎದುರಿಗೆ ನಿಂತು. ಅದರ ಬೆಲೆಯನ್ನೂ ತಾನೇ ಕೊಟ್ಟ. ಹೊಲಿಗಿ ಮಶೀನಿನ ಚಿತ್ರ ಹಾಕಿದಾಂವ ಏನು ಬೆಲೆ ಕೊಟ್ಟಾನ?

ಇನ್ನೊಂದು ಪ್ರಸಂಗ ನನಗೆ ಯಾವಾಗಲೂ ನೆನಪಾಗತದ, ಯೋಹಾನನ ಪುಸ್ತಕದ ಎಂಟನೆಯ ಅಧ್ಯಾಯದ್ದು. ಹಾದರ ಮಾಡಿದಳೆಂದು ಒಬ್ಬ ಹೆಂಗಸನ್ನು ಹಿಡಿದು ತಂದು ನಡುವೆ ನಿಲ್ಲಿಸಿದರು. ಜೋಡಿ ಇದ್ದ ಗಂಡಸನ್ನು ತರಲಿಲ್ಲ, ಇದು ನಾವು ಗಮನಿಸಬೇಕಾದ ಮಾತು. ಕಲ್ಲು ಒಗೆಯಬೇಕೋ ಬ್ಯಾಡೋ ಹೇಳು ಅಂತ ಯೇಸುವಿಗೆ ಗಂಟುಬಿದ್ದರು. ಅವರು ತಟ್ಟನೆ ಉತ್ತರ ಕೊಡಲಿಲ್ಲ. ಬಗ್ಗಿ ಬೆರಳಿನಿಂದ ನೆಲದ ಮ್ಯಾಲೆ ಬರೆಯುತ್ತ ಕೂತರು. ನಾಲ್ಕು ಸುವಾರ್ತೆಗಳಲ್ಲಿ ಯೇಸು ಬರೆದರು ಅಂತ ಬರುವುದು ಅದೊಂದೇ ಕಡೆ, ಏನು ಬರೆದರು ಎಂಬುದು ಅಲ್ಲಿ ಹೇಳಿಲ್ಲ. ಸುತ್ತ ಮಂದಿ ಒದರುತ್ತಿದ್ದರೂ ಅವರು ತಡ ಮಾಡಿದರು. ಆಮೇಲೆ ನಿಮ್ಮಲ್ಲಿ ತಪ್ಪಿಲ್ಲದವನು ಶುರು ಮಾಡಲಿ ಎಂಬ ಅರ್ಥದ ಒಂದು ಮಾತು ಹೇಳಿ ಮತ್ತ ಬಗ್ಗಿದರು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಮೊದಲು ಹೊರಟವರು ಹಿರಿಯರು. ನಮ್ಮ ಗ್ರುಪ್ಪಿನಲ್ಲಿ ಮೊದಲು ಹೆಬ್ಬಟ್ಟು ಎತ್ತುವವರು ಹಿರಿಯರೇ, ನನ್ನ ವಯಸ್ಸಿನವರು. ಹರೆಯದ ಹುಡುಗರಿಗೆ ಬುದ್ಧಿ ಹೇಳೂದಕ್ಕಿಂತ ಮೊದಲು ಇದನ್ನು ನೋಡಬೇಕು.

ಕೈ ತಡೆಯದೆ ಒತ್ತಿ ಆಗಿಹೋದ ಮೇಲೆ ಏನು? ಇದು ನನಗೆ ಎಲ್ಲಕ್ಕಿಂತ ಕಠಿಣ ಪ್ರಶ್ನೆ. ಪುಣೆದ ಹುಡುಗನಿಗೆ ಫೋನ್ ಮಾಡಿ ಬಲಗಡೆಯ ಪುಟದ ಮಾತು ತಿಳಿಸಿದೆವು. ಅವನು ನಾಚಿಕೊಂಡ. ಗ್ರುಪ್ಪಿನಲ್ಲಿ ತಪ್ಪು ತಿಳುವಳಿಕೆ ಆಗಿತ್ತು, ಕ್ಷಮಿಸಿರಿ ಅಂತ ಹಾಕಿದ. ಅದಕ್ಕೆ ಎಂಟು ಮಂದಿ ಕೈ ಜೋಡಿಸಿದರು. ಯಾರೂ ಅದನ್ನು ಮಗಳ ಊರಿನ ಗ್ರುಪ್ಪಿಗೆ ದಾಟಿಸಲಿಲ್ಲ. ಕಳ್ಳ ಎಂಬ ಮಾತಿಗೆ ಇದ್ದ ಕಾಲು ಕಳ್ಳ ಅಲ್ಲ ಎಂಬ ಮಾತಿಗೆ ಇಲ್ಲ.

ಲೂಕನ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಜಕ್ಕಾಯ ಎಂಬ ಸುಂಕದವನ ಕತಿ ಬರತದ. ಗಿಡ್ಡ ಮನುಷ್ಯ, ಯೇಸುವನ್ನು ನೋಡಬೇಕೆಂದು ಗಿಡ ಏರಿ ಕೂತಿದ್ದ. ಯೇಸು ಅವನ ಮನಿಗಿ ಉಳಿಯಲು ಹೋದರು. ಆಗ ಅವನು, ತಾನು ಯಾರಿಂದ ಮೋಸ ಮಾಡಿ ತೆಗೆದುಕೊಂಡಿದ್ದರೂ ನಾಲ್ಕು ಪಟ್ಟು ತಿರುಗಿ ಕೊಡುತ್ತೇನೆ ಅಂದ. ರೊಕ್ಕವಾದರೆ ಎಣಿಸಿ ನಾಲ್ಕು ಪಟ್ಟು ಕೊಡಬಹುದು. ಮಾನ ಎಣಿಸಲಿಕ್ಕೆ ಬರೂದಿಲ್ಲ. ಆದರೂ ಲೆಕ್ಕ ಅದೇ ಇರಬೇಕು ಅಂತ ನನಗ ಅನಿಸತದ. ಸುಳ್ಳು ಒಂದು ಗ್ರುಪ್ಪಿಗೆ ಹೋಗಿದ್ದರೆ ಖರೆ ನಾಲ್ಕು ಗ್ರುಪ್ಪಿಗೆ ಹೋಗಬೇಕು. ಸುಳ್ಳು ಮೊಬೈಲಿನ ಮ್ಯಾಲೆ ಹೋಗಿದ್ದರೆ ಖರೆ ಕಾಲಿನ ಮ್ಯಾಲೆ ಹೋಗಬೇಕು. ಇದನ್ನೇ ಆ ಹುಡುಗನಿಗೆ ಹೇಳಿದೆ. ಅವನು ಮುಂದಿನ ಶನಿವಾರ ರಾತ್ರಿ ಬಸ್ಸಿಗೆ ಬಂದ. ಮೊದಲು ಪೇಟಿಯವನ ಮನಿಗಿ, ಆಮೇಲೆ ಮಗಳ ಊರಿಗೆ ಹೋದ. ಆಕಿಯ ಅತ್ತಿ ಮಾವನ ಮುಂದೆ ವಹಿಯ ಎರಡೂ ಪುಟ ತೋರಿಸಿ ತಪ್ಪು ನಂದು ಅಂದ. ಮಾವ ಚಹಾ ಕೊಟ್ಟರಂತ. ಅತ್ತಿ ಒಳಗಿಂದ ಹೊರಗ ಬರಲಿಲ್ಲವಂತ.

ಈಗ ಊರಾಗ ಒಂದು ಮಾತು ಎದ್ದದ: "ಆತಲ್ಲ, ಕ್ಷಮಾ ಕೇಳಿದ, ಇನ್ನ ಅವನೂ ಮನಸ ದೊಡ್ಡದು ಮಾಡಿ ಭಜನಿಗೆ ಬರಬೇಕು." ಹೆಬ್ಬಟ್ಟು ಎತ್ತಿದವರೇ ಇದನ್ನು ಹೆಚ್ಚಾಗಿ ಅನ್ನತಾರ. ಕ್ಷಮಿಸಬೇಕು ಎಂಬುದು ಯೇಸುವಿನ ದೊಡ್ಡ ಉಪದೇಶ ಹೌದು. ಎಷ್ಟು ಸಲ ಕ್ಷಮಿಸಲಿ ಅಂತ ಪೇತ್ರ ಕೇಳಿದ್ದೂ ಇದೇ ಹದಿನೆಂಟನೆಯ ಅಧ್ಯಾಯದಲ್ಲೇ ಇದೆ. ಆದರೆ ಕೇಳಿದಾಂವ ನೋವು ಉಂಡಾಂವ. ನೋವು ಕೊಟ್ಟಾಂವನಿಗೆ ಇರುವ ಉಪದೇಶ ಬೇರೆ, ಅದು ಐದನೆಯ ಅಧ್ಯಾಯದಲ್ಲಿದೆ. ಬಲಿಪೀಠಕ್ಕೆ ಕಾಣಿಕೆ ತಂದಾಗ, ತನ್ನ ಮ್ಯಾಲೆ ಅಣ್ಣತಮ್ಮಂದಿರಿಗೆ ಏನೋ ಬೇಸರ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗಿ ಬರಬೇಕು. ಅದರ ಪ್ರಕಾರ ನಡೆಯುವುದಾದರೆ ಏಕಾದಶಿಗೆ ಟಾಳ ಹಿಡಿದು ಗುಡಿಗೆ ಹೋಗುವ ನೂರಾ ಚಿಲ್ಲರೆ ಮಂದಿ ಮೊದಲು ಆ ಓಣಿಗೆ ತಿರುಗಬೇಕು. ಇಲ್ಲೀತನಕ ಪುಣೆದ ಹುಡುಗನನ್ನು ಬಿಟ್ಟರೆ ಆರು ಮಂದಿ ಹೋಗಿ ಬಂದಾರ. ಹೋದವರಿಗೆಲ್ಲ ಅವನ ಹೆಂಡತಿ ಚಹಾ ಮಾಡಿ ಕೊಟ್ಟಾಳ. ಪೇಟಿ ಇನ್ನೂ ಅವರ ಮನೆಯ ಜಂತಿಗೆ ಅರಿವಿ ಸುತ್ತಿ ತೂಗಹಾಕಿದ್ದು ಹಂಗ ಅದ.